ಹೆಪ್ಪು ಯಾರ ಮನೆಯದು?

ನಮ್ಮ ಕಡೆ ಮನೆಯಲ್ಲಿ ಮೊಸರು ತೀರಿದರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವುದು ನಾಚಿಕೆಯ ಮಾತಲ್ಲ. "ಯಕ್ಕಾ, ಒಂದೀಟು ಹೆಪ್ಪು ಕೊಡ್ರಿ" ಎಂದರೆ ಇಲ್ಲವೆನ್ನುವ ಮನೆಯನ್ನು ಬೈಲಹೊಂಗಲದಲ್ಲಿ ನಾನು ಕಂಡಿಲ್ಲ. ಹೆಪ್ಪಿಗೆ ಯಾರೂ ದುಡ್ಡು ಕೇಳುವುದಿಲ್ಲ. ಆದರೆ ಹೆಪ್ಪು ತರುವ ಹೆಂಗಸು ಒಂದು ವಿಚಾರ ಮಾತ್ರ ಮರೆಯುವುದಿಲ್ಲ. ಯಾರ ಮನೆಯದು ಎಂದು ನೋಡಿಯೇ ಬಟ್ಟಲು ಹಿಡಿಯುತ್ತಾಳೆ. ಲೋಳೆಯಾದ ಹೆಪ್ಪು ಒಂದು ಚಮಚ ಬಿದ್ದರೆ ಗಡಿಗೆ ಹಾಲೆಲ್ಲ ಕೆಡುತ್ತದೆಂದು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟು ತಿಳಿದ ನಾವು ಕಂಪ್ಯೂಟರಿನ ಮಾತು ಬಂದ ಕೂಡಲೇ ಏಕೆ ಬಾಯಿ ಮುಚ್ಚಿ ಕೂರುತ್ತೇವೆ ಎಂಬುದೇ ನನ್ನ ತಕರಾರು.

ನಾನು 1993ರಿಂದ ಬೈಲಹೊಂಗಲದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದೇನೆ. ಸೇರಿದಾಗ ಕಿರ್ದಿ ಬರೆಯುತ್ತಿದ್ದೆ. ಮುಂದೆ ಕಂಪ್ಯೂಟರ್ ಬಂದಾಗ ಗಂಡಸರೆಲ್ಲ ಅದನ್ನು ಹಾವಿನ ಬುಟ್ಟಿಯಂತೆ ದೂರದಿಂದ ನೋಡಿದರು. ಟೈಪಿಂಗ್ ಬರುತ್ತದೆಂದು ನನ್ನನ್ನು ಅದರ ಮುಂದೆ ಕೂರಿಸಿದರು. ಅಂದು ಕೂತವಳು ಇಂದಿಗೂ ಎದ್ದಿಲ್ಲ. ಈಗ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ನಮ್ಮ ಶಾಖೆಗಳಿವೆ. ನಾಲ್ಕೂ ಊರಿನ ಯಂತ್ರಗಳ ಯೋಗಕ್ಷೇಮ ನನ್ನ ಕೊರಳಿಗೇ ಬಿದ್ದಿದೆ.

2023ರ ಬನದ ಹುಣ್ಣಿಮೆಗೆ ಎರಡು ದಿನ ಮೊದಲಿನ ಮಾತು. ಯಲ್ಲಮ್ಮನ ಗುಡ್ಡದ ಜಾತ್ರೆಯೆಂದರೆ ಸವದತ್ತಿಯ ಓಣಿ ಓಣಿಯೂ ತುಂಬಿ ತುಳುಕುತ್ತದೆ. ಬಳೆ, ಕುಂಕುಮ, ಭಂಡಾರ ಮಾರುವ ಹೆಂಗಸರು ಸರಕು ತರಲು ಗುಂಪಿನ ದುಡ್ಡು ಬಿಡಿಸಿಕೊಳ್ಳಲು ಶಾಖೆಗೆ ಬಂದಿದ್ದರು. ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಹತ್ತೇ ನಿಮಿಷ. ಯುಪಿಎಸ್ ಒಂದು ನಿಮಿಷವೂ ತಾಳಲಿಲ್ಲ. ಲೆಕ್ಕ ಬರೆಯುತ್ತಿದ್ದ ಯಂತ್ರ ನಡುವೆಯೇ ಆರಿ, ಕಡತ ಕೆಟ್ಟು ಕುಳಿತಿತು. ನಾನು ಬಸ್ಸು ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಬಾಗಿಲಿಗೆ "ಸರ್ವರ್ ಡೌನ್" ಎಂಬ ಚೀಟಿ ಅಂಟಿತ್ತು. ಮುದುಕಿಯೊಬ್ಬಳು ಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದಳು: "ತಂಗಿ, ಆ ಸರ್ವರ ಇಲ್ಲಂತಲ್ಲ, ಎಲ್ಲಿಗಿ ಹೋಗ್ಯಾನವ? ಮನೀಗಿ ಯಾರನ್ನರ ಕಳಿಸಿ ಕರಕೊಂಡ ಬರಬಾರದ?"

ಒಳಗಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅವಳ ಪ್ರಶ್ನೆಯೇ ಸರಿಯಾದದ್ದು. ಎಲ್ಲಿಗೆ ಹೋದ? ಹೋಗುವ ಮೊದಲು ಹೇಳಲಿಲ್ಲವೆ? ನೋಡಿಕೊಳ್ಳಬೇಕಾದವರು ಏನು ಮಾಡುತ್ತಿದ್ದರು? ನೋಡಿಕೊಳ್ಳಬೇಕಾದವಳು ನಾನೇ. ಸಂಜೆಯ ಹೊತ್ತಿಗೆ ಯಂತ್ರ ಸರಿಯಾಯಿತು. ಅಷ್ಟರಲ್ಲಿ ಮುದುಕಿ ಬಡ್ಡಿಗೆ ದುಡ್ಡು ತಂದು ಸರಕು ಕೊಂಡಿದ್ದಳು. ಜಾತ್ರೆ ನಮ್ಮ ಸರ್ವರಿಗಾಗಿ ಕಾಯುವುದಿಲ್ಲವಲ್ಲ!

ಹಾಗೆಂದು ನಮ್ಮಲ್ಲಿ ಕಾವಲೇ ಇರಲಿಲ್ಲವೆಂದಲ್ಲ. ಯಂತ್ರಗಳ ಮೇಲೆ ಕಣ್ಣಿಡುವ ತಂತ್ರಾಂಶವೊಂದನ್ನು ನಾನೇ ಹಾಕಿದ್ದೆ. ಇಂಥವು ಹಲವಿವೆ. ಅಮೆರಿಕದ ಈಥನ್ ಗಾಲ್‌ಸ್ಟಾಡ್ 1999ರಲ್ಲಿ ಬರೆದು ಹಂಚಿದ ನೆಟ್‌ಸೇಂಟ್ ಮುಂದೆ ನಾಗಿಯೋಸ್ ಎಂದು ಹೆಸರಾಯಿತು. ಜರ್ಮನಿಯ ಮಥಿಯಾಸ್ ಕೆಟ್ನರ್ 2008ರಲ್ಲಿ ಅದಕ್ಕೊಂದು ಜೋಡಣೆಯಾಗಿ ಶುರು ಮಾಡಿದ್ದೇ ಚೆಕ್‌ಎಂಕೆ. ಅದರ ಉಚಿತ ಆವೃತ್ತಿಯೇ ನಮ್ಮಲ್ಲಿರುವುದು. ಇವುಗಳ ಕೆಲಸ ಸರಳ. ನಿಮಿಷಕ್ಕೊಮ್ಮೆ ಪ್ರತಿ ಯಂತ್ರದ ಬಾಗಿಲು ತಟ್ಟಿ "ಹೇಗಿದ್ದೀ?" ಎಂದು ಕೇಳುತ್ತವೆ. ಉತ್ತರ ನಾಲ್ಕೇ ಬಗೆ. ಸೊನ್ನೆಯೆಂದರೆ ಕ್ಷೇಮ, ಒಂದೆಂದರೆ ಎಚ್ಚರ, ಎರಡೆಂದರೆ ಅಪಾಯ, ಮೂರೆಂದರೆ "ನನಗೆ ಗೊತ್ತಿಲ್ಲ." ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ ಕೌಂಟರಿನ ಹಿಂದೆ ಕೂತ ಎಷ್ಟು ಜನರಿಗಿದೆ, ನೀವೇ ಹೇಳಿ.

ಆದರೆ ಕಾವಲುಗಾರ ಕಾಯುವುದು ತೋರಿಸಿಕೊಟ್ಟ ಬಾಗಿಲನ್ನು ಮಾತ್ರ. ನಾನು ಯಂತ್ರ ಜೀವಂತವಿದೆಯೆ, ಡಿಸ್ಕ್ ತುಂಬಿದೆಯೆ ಎಂದು ಕೇಳಲು ಹೇಳಿದ್ದೆ. ಯುಪಿಎಸ್‌ನ ಬ್ಯಾಟರಿಯ ಗತಿಯೇನೆಂದು ಕೇಳಲು ಹೇಳಿರಲಿಲ್ಲ. ಹಾಗಾಗಿ ಬ್ಯಾಟರಿ ತಿಂಗಳುಗಟ್ಟಲೆ ಸೊರಗುತ್ತಿದ್ದರೂ ನನ್ನ ಪರದೆ ಹಸಿರಾಗಿಯೇ ಇತ್ತು. ಇಂಥ ಹೊಸ ಪ್ರಶ್ನೆ ಕೇಳುವುದನ್ನು ಕಾವಲುಗಾರನಿಗೆ ಕಲಿಸುವ ಸಣ್ಣ ಕಟ್ಟುಗಳಿಗೇ ವಿಸ್ತರಣಾ ಪ್ಯಾಕೇಜು ಎನ್ನುತ್ತಾರೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ತಮ್ಮ ತೊಂದರೆಗೆಂದು ಬರೆದು, ಬೇರೆಯವರಿಗೂ ಇರಲಿ ಎಂದು ಚೆಕ್‌ಎಂಕೆಯ ಎಕ್ಸ್‌ಚೇಂಜ್ ಎಂಬ ಕಣಜದಲ್ಲಿ ಇಟ್ಟಿರುತ್ತಾರೆ. ಅಪ್ಪಟ ಹೆಪ್ಪು ಇದು!

ನಮಗೆ ಬೇಕಾಗಿದ್ದುದು ಅಂಥದೊಂದು. ಪೇಟೆಯಿಂದ ಏಜೆಂಟನೊಬ್ಬ ಬಂದ. "ನಮ್ಮಲ್ಲಿ ಸ್ಪೆಷಲ್ ಪ್ಯಾಕೇಜ್ ಅದ ಮೇಡಮ್, ಶಾಖೆಗಿಷ್ಟು, ವರ್ಷಕ್ಕಿಷ್ಟು" ಎಂದು ಲೆಕ್ಕ ಹೇಳಿದ. ಅದು ಏನು ಮಾಡುತ್ತದೆ, ಯಾರು ಬರೆದದ್ದು ಎಂದು ಕೇಳಿದೆ. "ಅದೆಲ್ಲಾ ಟೆಕ್ನಿಕಲ್ ರೀ, ನಿಮಗ್ಯಾಕ ತ್ರಾಸು?" ಎಂದ. ಆ ರಾತ್ರಿ ಮನೆಯಲ್ಲಿ ಕೂತು ಹುಡುಕಿದರೆ ಅದೇ ಪ್ಯಾಕೇಜು ಕಣಜದಲ್ಲಿ ಪುಕ್ಕಟೆಯಾಗಿ ಕೂತಿದೆ! ಹೆಸರೂ ಬದಲಾಗಿರಲಿಲ್ಲ. ನ್ಯಾಯ ಹೇಳಬೇಕೆಂದರೆ, ಇಂಥ ಮುಕ್ತ ತಂತ್ರಾಂಶವನ್ನು ದುಡ್ಡಿಗೆ ಮಾರುವುದು ಕಳ್ಳತನವಲ್ಲ. ಜಿಪಿಎಲ್ ಪರವಾನಗಿಯೇ ಮಾರಲು ಬಿಡುತ್ತದೆ. ದುಡಿದು ಕೂರಿಸಿ, ಕೆಟ್ಟಾಗ ಬಂದು ನೋಡುವವನಿಗೆ ಕೂಲಿ ಕೊಡಲೇಬೇಕು. ನನ್ನ ಸಿಟ್ಟು ಮುಚ್ಚಿಡುವುದರ ಮೇಲೆ. ಪಕ್ಕದ ಮನೆಯ ಹೆಪ್ಪನ್ನು ತಂದು, ಇದು ಹಿಮಾಲಯದ ಮೊಸರು ಎಂದು ಮಾರುವವನನ್ನು ಏನೆನ್ನಬೇಕು?

ಮರುದಿನ ಆಡಳಿತ ಮಂಡಳಿಯ ಹಿರಿಯರ ಮುಂದೆ ವಿಷಯ ಇಟ್ಟೆ. "ಪುಕ್ಕಟೆ ಸಿಕ್ಕದ್ದಕ್ಕ ಏನ್ ಕಿಮ್ಮತ್ತು ಅಕ್ಕಾರ? ರೊಕ್ಕ ಕೊಟ್ರ ಭದ್ರ ಇರ್ತೈತಿ. ಹೆಣ್ಮಕ್ಕಳು ನೀವು, ಇದನ್ನೆಲ್ಲಾ ಹಚ್ಚಿಕೊಂಡು ನಾಳೆ ಏನರ ಹೆಚ್ಚುಕಮ್ಮಿ ಆದ್ರ?" ಎಂದರು.

ಈ ಮಾತಿಗೆ ಅಂದು ತಡವರಿಸಿದೆ. ಇಂದು ಉತ್ತರ ಬರೆಯುತ್ತಿದ್ದೇನೆ.

ರೊಕ್ಕ ಕೊಟ್ಟರೆ ಭದ್ರವೆ? ಸೋಲಾರ್‌ವಿಂಡ್ಸ್ ಎಂಬ ಅಮೆರಿಕದ ಕಂಪನಿ ಮಾರುವ ಓರಿಯಾನ್ ಕೂಡ ಇಂಥದೇ ಕಾವಲು ತಂತ್ರಾಂಶ. ದೊಡ್ಡ ದೊಡ್ಡ ಸರ್ಕಾರಿ ಇಲಾಖೆಗಳೇ ಹಣ ತೆತ್ತು ಕೊಂಡಿದ್ದವು. ಅದರ ಪರಿಷ್ಕೃತ ಆವೃತ್ತಿಯೊಳಗೆ ಕಳ್ಳರು ತಮ್ಮ ಸಂಕೇತ ಸೇರಿಸಿದ್ದರೆಂದು 2020ರ ಡಿಸೆಂಬರಿನಲ್ಲಿ ಬಯಲಾಯಿತು. ಸುಮಾರು 18,000 ಗ್ರಾಹಕರು ವಿಷ ಬೆರೆತ ಆ ಆವೃತ್ತಿಯನ್ನು ಇಳಿಸಿಕೊಂಡಿದ್ದರು. ಕಾವಲುಗಾರನ ಅಂಗಿಯ ಜೇಬಿನಲ್ಲೇ ಕಳ್ಳ ಕೂತು ಒಳಗೆ ಬಂದ!

ಹಾಗಾದರೆ ಪುಕ್ಕಟೆಯದು ಭದ್ರವೆ? ಹಾಗೆಂದೂ ನಾನು ಹೇಳಲಾರೆ. ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಾಗುವ ಎಕ್ಸ್‌ಜೆಡ್ ಎಂಬ ಉಚಿತ ತಂತ್ರಾಂಶಕ್ಕೆ, ವರ್ಷಗಟ್ಟಲೆ ಒಳ್ಳೆಯವನಂತೆ ನಟಿಸಿ ನಂಬಿಕೆ ಗಳಿಸಿದವನೊಬ್ಬ ಹಿಂಬಾಗಿಲು ಕೊರೆದಿಟ್ಟಿದ್ದ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಯಂತ್ರದೊಳಗೆ ಪ್ರವೇಶಿಸುವಾಗ ಅರ್ಧ ಸೆಕೆಂಡು ತಡವಾಗುವುದೇಕೆಂದು ಕೆದಕಿದ್ದರಿಂದ ಸಿಕ್ಕಿಬಿತ್ತು. ಮೂಲ ಸಂಕೇತ ಎಲ್ಲರ ಮುಂದೆ ತೆರೆದಿದ್ದರಿಂದಲೇ ಕೆದಕಲು ಸಾಧ್ಯವಾಯಿತು ಎಂಬುದನ್ನು ಮಾತ್ರ ಮರೆಯಬಾರದು.

ಅಂದರೆ ಭದ್ರತೆ ಇರುವುದು ಬೆಲೆಚೀಟಿಯಲ್ಲಲ್ಲ, ನೋಡಿ ತರುವ ಕಣ್ಣಿನಲ್ಲಿ. ಹೆಪ್ಪು ಯಾರ ಮನೆಯದೆಂದು ಕೇಳುವ ಕಣ್ಣು. ಆ ಕಣ್ಣು ಹೆಣ್ಣುಮಕ್ಕಳಿಗಿಲ್ಲವೆಂದು ಹೇಳಿದವರು ಯಾರು? ಜೋಳದಲ್ಲಿ ಹರಳು ಆರಿಸುವವರು ನಾವು. ಬೆಣ್ಣೆಯನ್ನು ಮೂಸಿ ಎಮ್ಮೆಯ ಮೇವು ಹೇಳುವವರು ನಾವು.

ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡೆ. ಬರೆದವರು ಯಾರು, ಅವರ ಬೇರೆ ಕೆಲಸ ಏನಿದೆ? ಕೊನೆಯ ಸಲ ತಿದ್ದಿದ್ದು ಯಾವಾಗ? ನಮ್ಮಲ್ಲಿರುವ ಆವೃತ್ತಿಗೆ ಹೊಂದುತ್ತದೆಯೆ? ಬಿಚ್ಚಿ ಓದಿದರೆ, ಬ್ಯಾಟರಿ ನೋಡಬೇಕಾದದ್ದು ಬೇರೆಲ್ಲಿಗಾದರೂ ಕೈಚಾಚುತ್ತಿದೆಯೆ? ಕೊನೆಯದು ಕಷ್ಟವೆನಿಸಿತು, ಎಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು ಸಾಲು ಸಾಲು ಓದಿದೆ. ಇನ್ನೂರು ಸಾಲೂ ಇರಲಿಲ್ಲ.

ಮೂರನೆಯ ಪ್ರಶ್ನೆ ಪಟ್ಟಿಗೆ ಬಂದದ್ದು ಪೆಟ್ಟು ತಿಂದ ಮೇಲೆ. ಅದಕ್ಕೂ ಹಿಂದೆ ಅವಸರದಲ್ಲಿ ಕೋಣೆಯ ಶಾಖ ಅಳೆಯುವ ಪ್ಯಾಕೇಜೊಂದನ್ನು ತಂದು ನೇರವಾಗಿ ಮುಖ್ಯ ಯಂತ್ರಕ್ಕೇ ಸುರಿದಿದ್ದೆ. ಚೆಕ್‌ಎಂಕೆ 2021ರಲ್ಲಿ 2.0 ಆವೃತ್ತಿಗೆ ಬಂದಾಗ ಪೈಥಾನ್ ಭಾಷೆಯ ಹಳೆಯ ರೂಪ ಬಿಟ್ಟು ಹೊಸದಕ್ಕೆ ಹೊರಳಿತ್ತು. ನಾನು ತಂದದ್ದು ಹಳೆಯ ರೂಪದ್ದು. ಹಾಕಿದ ಕೂಡಲೇ ದೋಷದ ಸಂದೇಶಗಳು ಆಲಿಕಲ್ಲಿನಂತೆ ಸುರಿದವು. ತಪ್ಪು ಬರೆದವರದಲ್ಲ, ನೋಡದೆ ತಂದ ನನ್ನದು. ಅಂದಿನಿಂದ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ ಇಟ್ಟುಕೊಂಡಿದ್ದೇನೆ. ಹೊಸ ಹೆಪ್ಪು ಮೊದಲು ಆ ಚಿಕ್ಕ ಗಿಂಡಿಗೆ. ಒಂದು ವಾರ ಕೆಡದಿದ್ದರೆ ದೊಡ್ಡ ಗಡಿಗೆಗೆ.

ಬ್ಯಾಟರಿಯ ಪ್ಯಾಕೇಜನ್ನು ಹಾಗೆಯೇ ಹಾಕಿದೆ. ಅರ್ಧ ಭಾಗ ಶಾಖೆಯ ಯಂತ್ರದಲ್ಲಿ ಕೂತು ಯುಪಿಎಸ್‌ನ ನಾಡಿ ಹಿಡಿಯುತ್ತದೆ. ಇನ್ನರ್ಧ ಬೈಲಹೊಂಗಲದಲ್ಲಿ ಕೂತು ಅದರ ಅರ್ಥ ಹೇಳುತ್ತದೆ. ಸೊರಗಿದ ಬ್ಯಾಟರಿಯೂ ಚಾರ್ಜು ನೂರಕ್ಕೆ ನೂರು ಎಂದು ತೋರಿಸಬಲ್ಲದು. ಎಷ್ಟು ನಿಮಿಷ ತಾಳುತ್ತದೆಂದು ಕೇಳಿದಾಗಲೇ ಬಣ್ಣ ಬಯಲು. ಆ ಮಳೆಗಾಲದಲ್ಲಿ ರಾಮದುರ್ಗದ ಶಾಖೆ ಹಳದಿಗೆ ತಿರುಗಿತು. ಮೂರೇ ನಿಮಿಷ ತಾಳುವ ಬ್ಯಾಟರಿ. ಎರಡು ದಿನದಲ್ಲಿ ಹೊಸದು ಬಂತು. ಮುಂದೆ ಕರೆಂಟು ಹೋದಾಗ ರಾಮದುರ್ಗದ ನೇಕಾರರ ಮನೆಯ ಹೆಂಗಸರು ಸರತಿಯಲ್ಲಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗದಿದ್ದುದೇ ನನ್ನ ಬಹುಮಾನ.

ಕಿತ್ತೂರಿನ ಶಾಖೆಯಲ್ಲಿ ಎರಡು ಯುಪಿಎಸ್ ಇವೆ. ಪ್ಯಾಕೇಜಿಗೆ ಒಂದೇ ಕಾಣುತ್ತಿತ್ತು. ಹುಡುಗಿ ಎಂಟು ಸಾಲು ತಿದ್ದಿದಳು. ಬರೆದವರಿಗೆ ಕಳಿಸಿದೆವು. ಅವರು ಒಪ್ಪಿ ಮುಂದಿನ ಆವೃತ್ತಿಗೆ ಸೇರಿಸಿದರು. ತಂದ ಬಟ್ಟಲನ್ನು ಖಾಲಿ ತಿರುಗಿಸಬಾರದೆಂದು ನಮ್ಮವ್ವ ಕಲಿಸಿದ್ದಳು.

ಇದೇ ಅಲ್ಲವೆ ಸಹಕಾರ? ದೇಶದ ಮೊದಮೊದಲ ಸಹಕಾರಿ ಪತ್ತಿನ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ಇಲ್ಲೇ ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಕೈಯಲ್ಲಿ. ಅವರ ಭಾವಚಿತ್ರಕ್ಕೆ ಮಾಲೆ ಹಾಕುವ ನಾವು, ಜಗತ್ತಿನ ಅಪರಿಚಿತರು ಕೂಡಿ ನಡೆಸುವ ಇನ್ನೊಂದು ಸಹಕಾರವನ್ನು "ಪುಕ್ಕಟೆ" ಎಂದು ಹೀಗಳೆಯುತ್ತೇವೆ. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಕಂಪನಿಯೊಂದಕ್ಕೆ ದಾಳಿಕೋರರು ನುಗ್ಗಿದ್ದರಿಂದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತುಹೋಗಿತ್ತು. ಸಹಕಾರಿ, ಗ್ರಾಮೀಣ ಬ್ಯಾಂಕುಗಳೇ ಅವು. ಯಂತ್ರ ಕೊಡಿಸುವುದು ಅರ್ಧ ಕೆಲಸ. ಕಾಯುವವರನ್ನು ಊರಲ್ಲೇ ಬೆಳೆಸುವುದು ಉಳಿದರ್ಧ.

ಸಹಕಾರಿ ಸಂಘಗಳ ಆಡಳಿತ ಮಂಡಳಿಗಳಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಆ ಕುರ್ಚಿಯಲ್ಲಿ ಕೂತ ಅಕ್ಕಂದಿರೇ, ಬರುವ ಮಹಾಸಭೆಯಲ್ಲಿ ಚಹಾ ಬರುವ ಮುನ್ನ ಮೂರು ಮಾತು ಕೇಳಿ. ನಮ್ಮ ಯಂತ್ರಗಳ ಮೇಲೆ ಕಣ್ಣಿಟ್ಟವರು ಯಾರು? ಅವರು ಏನೇನನ್ನು ನೋಡುತ್ತಿಲ್ಲ? ಕಲಿಯಲು ಅವರಿಗೆ ವಾರಕ್ಕೆ ಎರಡು ತಾಸು, ಒಂದು ಹಳೆಯ ಕಂಪ್ಯೂಟರ್ ಕೊಟ್ಟಿದ್ದೀರಾ? ನಾನು ಕೇಳುವುದು ಇಷ್ಟೇ. ಇದಕ್ಕೆ ಠರಾವು ಬೇಕಿಲ್ಲ, ಟೆಂಡರು ಬೇಕಿಲ್ಲ.

ಸರತಿಯಲ್ಲಿ ನಿಂತ ಅಕ್ಕಂದಿರೇ, ನೀವೂ "ಸರ್ವರ್ ಡೌನ್" ಎಂಬ ಚೀಟಿ ಕಂಡು ಸೆರಗು ಹೊದ್ದು ಸುಮ್ಮನೆ ತಿರುಗಬೇಡಿ. ಅದು ಬರಗಾಲವಲ್ಲ, ಮಲಪ್ರಭೆಯ ಮಹಾಪೂರವಲ್ಲ. ಬಹುತೇಕ ಸಲ ಯಾರೋ ಮೊದಲೇ ನೋಡಬಹುದಾಗಿದ್ದ, ನೋಡದೆ ಬಿಟ್ಟ ಸಂಗತಿ. ಸವದತ್ತಿಯ ಆ ಮುದುಕಿಯ ಹಾಗೆ ಕಟ್ಟೆಯ ಮೇಲೆ ಕೂತು ಕೇಳಿ: ಎಲ್ಲಿಗೆ ಹೋದ? ಹೇಳಿ ಹೋಗಲಿಲ್ಲವೆ?