ಬಂದದ್ದು ಕಾಯಿಲೆ, ಅದು ಹೆಸರಲ್ಲ

ಕನ್ನಡದಲ್ಲಿ ನಾವು "ನನಗೆ ಜ್ವರ ಬಂದಿದೆ" ಎನ್ನುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ "ಮೇರೆಕು ಬುಖಾರ್ ಆಯಾ" ಎನ್ನುತ್ತೇವೆ. ಎರಡರಲ್ಲೂ ಜ್ವರ ಎಂಬುದು ಬಂದು ಹೋಗುವ ನೆಂಟ, ಮನೆ ಮಾತ್ರ ನಮ್ಮದು. ಆದರೆ ಕೆಲವು ಕಾಯಿಲೆಗಳ ವಿಷಯದಲ್ಲಿ ನಮ್ಮ ಮಾತೇ ಬದಲಾಗುತ್ತದೆ. "ಅವರು ಶುಗರ್ ಪೇಶೆಂಟ್", "ಆಕಿ ಟಿ.ಬಿ. ಪೇಶೆಂಟ್", "ಅಂವಾ ಮೆಂಟಲ್ ಅದಾನ" ಎನ್ನುತ್ತೇವೆ. ಅಲ್ಲಿ ನೆಂಟನೇ ಮನೆಯ ಯಜಮಾನನಾಗಿಬಿಡುತ್ತಾನೆ.

ಜಮಖಂಡಿ, ಮುಧೋಳ, ಬೀಳಗಿ ಕಬ್ಬಿನ ಸೀಮೆ. ಸಕ್ಕರೆಯಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅದೇ ಸೀಮೆಯಲ್ಲಿ "ಶುಗರ್" ಎಂಬುದು ಒಂದು ಹಣೆಪಟ್ಟಿ. ನನ್ನ ದಾದಿಮಾಗೆ ಶುಗರ್ ಇದೆ. ಮದುವೆಗೆ ಹೋದರೆ ಅವರನ್ನು ಕೇಳದೆಯೇ ಮುಂದಿನ ಬಟ್ಟಲು ಎತ್ತುತ್ತಾರೆ, "ಅವ್ರಿಗಿ ಶುಗರ್ ಐತಿ, ಕೊಡಬ್ಯಾಡ್ರಿ" ಎಂದು ಅವರ ತಲೆಯ ಮೇಲಿಂದಲೇ ಮಾತಾಡುತ್ತಾರೆ. ದಾದಿಮಾ ಹೇಳುವುದು ಒಂದೇ ಮಾತು: "ಮೇರೆಕು ಪೂಛೋ ತೋ ಸಹಿ." ನನ್ನನ್ನು ಕೇಳಿಯಾದರೂ ನೋಡಿ ಎಂದು. ಈಗ ಅವರು ಕಾರ್ಯಕ್ರಮಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಅವರನ್ನು ಮನೆಯಲ್ಲಿ ಕೂರಿಸಿದ್ದು ಕಾಯಿಲೆಯಲ್ಲ, ಪಟ್ಟಿ. ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಿವಿ ಮಂದವಾದರೆ "ಕಿವುಡ" ಎಂಬ ಹೆಸರು ಅಂಟುತ್ತದೆ. ಅವರು ನೇಯ್ದ ಸೀರೆಗಳ ಲೆಕ್ಕ ಯಾರಿಗೂ ನೆನಪಿರುವುದಿಲ್ಲ.

ಇದಕ್ಕಿಂತ ಭಾರವಾದ ಪಟ್ಟಿಯನ್ನೂ ನಮ್ಮ ಭಾಗ ಹೊತ್ತಿದೆ. ಈ ಶತಮಾನದ ಆರಂಭದಲ್ಲಿ ಬಾಗಲಕೋಟೆಯು ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಒಂದಾಗಿತ್ತು. ಸೋಂಕಿತರೆಲ್ಲರನ್ನೂ ಜನ "ಏಡ್ಸ್ ರೋಗಿ" ಎಂದೇ ಕರೆದರು. ಇದು ತಪ್ಪು. ಎಚ್‌ಐವಿ ಒಂದು ವೈರಸ್. ಚಿಕಿತ್ಸೆ ಇಲ್ಲದೆ ದೇಹದ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದಾಗಿನ ಹಂತ ಏಡ್ಸ್. 2004ರ ಏಪ್ರಿಲ್ 1ರಿಂದ ಸರಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡತೊಡಗಿತು. ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳುವವರು ಇಂದು ದುಡಿಯುತ್ತಾ, ಮಕ್ಕಳನ್ನು ಓದಿಸುತ್ತಾ ದೀರ್ಘಕಾಲ ಬಾಳುತ್ತಾರೆ. ಔಷಧಿ ಬಂತು, ಆದರೆ ಹೆಸರಿಗೆ ಹೆದರಿದವರು ಅದನ್ನು ತರಲು ಹೋಗುವುದಿಲ್ಲ. ಯಾರಾದರೂ ನೋಡಿಬಿಟ್ಟರೆ ಎಂಬ ಅಂಜಿಕೆ. 1983ರಲ್ಲೇ ಅಮೆರಿಕದ ಡೆನ್ವರ್ ನಗರದಲ್ಲಿ ಈ ಕಾಯಿಲೆ ಇದ್ದವರು ಸೇರಿ, ತಮ್ಮನ್ನು "ಬಲಿಪಶು" ಎನ್ನಬೇಡಿ, ತಾವು ಏಡ್ಸ್ ಇರುವ ಮನುಷ್ಯರು ಎಂದು ಘೋಷಿಸಿದ್ದರು. ನಮ್ಮ ದೇಶದಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಸೋಂಕಿತರಿಗೆ ಭೇದ ಮಾಡುವುದು ಇದರ ಪ್ರಕಾರ ಕಾನೂನುಬಾಹಿರ.

ಹಾಗಾದರೆ ಕಾಯಿಲೆಗೆ ಹೆಸರೇ ಬೇಡವೇ? ಬೇಕು, ಖಂಡಿತ ಬೇಕು. ಟಿ.ಬಿ. ಎಂದು ಗೊತ್ತಾಗದೆ ಆರು ತಿಂಗಳ ಚಿಕಿತ್ಸೆ ಶುರುವಾಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಲಾಗುವ ಅಂಗವೈಕಲ್ಯಗಳನ್ನು 7ರಿಂದ 21ಕ್ಕೆ ಏರಿಸಿತು. ಕಲಿಕೆಯ ನಿರ್ದಿಷ್ಟ ತೊಂದರೆಗಳೂ ಅದರಲ್ಲಿ ಸೇರಿವೆ. ಅಕ್ಷರ ಜೋಡಿಸಲು ಕಷ್ಟಪಡುವ ಹುಡುಗನನ್ನು ಹತ್ತು ವರ್ಷ "ದಡ್ಡ" ಎಂದು ಕರೆದವರುಂಟು. ಅದೇ ಹುಡುಗನಿಗೆ ವೈದ್ಯರು "ಡಿಸ್ಲೆಕ್ಸಿಯಾ" ಎಂದು ಬರೆದುಕೊಟ್ಟರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವ ಹಕ್ಕು ಸಿಗುತ್ತದೆ. ಎರಡೂ ಹೆಸರುಗಳೇ. ಒಂದು ಬಾಗಿಲು ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ. ಆದ್ದರಿಂದ ಯಾವ ಹೆಸರು ಕೇಳಿದರೂ ನಾನು ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದರಿಂದ ಆ ವ್ಯಕ್ತಿಗೆ ಏನು ಸಿಗುತ್ತದೆ, ಸಹಾಯವೋ ಅವಮಾನವೋ?

ಇನ್ನು ನಮ್ಮ ವಯಸ್ಸಿನವರ ಮಾತು. ಬೇರೆಯವರು ಅಂಟಿಸುವ ಪಟ್ಟಿ ಸಾಲದೆಂದು ನಾವೇ ಅಂಟಿಸಿಕೊಳ್ಳುತ್ತಿದ್ದೇವೆ. ಎರಡು ರೀಲ್ಸ್ ನೋಡಿ "ನನಗೆ ಡಿಪ್ರೆಶನ್", ಪುಸ್ತಕ ನೀಟಾಗಿ ಜೋಡಿಸಿಟ್ಟು "ನನಗೆ ಒಸಿಡಿ" ಎನ್ನುತ್ತೇವೆ. ಟೆಸ್ಟ್‌ನಲ್ಲಿ ಅಂಕ ಕಡಿಮೆಯಾದ ದಿನದ ಬೇಜಾರು ಬೇಜಾರೇ, ಕಾಯಿಲೆಯಲ್ಲ. ಪಟ್ಟಿ ಕಟ್ಟಿಕೊಂಡ ಮೇಲೆ "ನಾನು ಇರೋದೇ ಹಿಂಗ" ಎಂದು ಪ್ರಯತ್ನ ಬಿಡುವುದು ಸುಲಭ. ಇನ್ನೊಂದು ಕಡೆ, ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಯಾರ ಜೊತೆಗೂ ಮಾತಾಡದೆ ಇರುವ ಗೆಳೆಯ "ಹುಚ್ಚ ಅಂತಾರ" ಎಂಬ ಭಯಕ್ಕೆ ಬಾಯಿಬಿಡುವುದಿಲ್ಲ. ನಮ್ಮ ತಮಾಷೆಯ ನಡುವೆ ಅವನ ನಿಜವಾದ ನೋವು ಕೇಳಿಸುವುದೂ ಇಲ್ಲ. ಅಂಥವರಿಗಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೆಸರಿಡುವ ಕೆಲಸ ತಿಳಿದವರು ಮಾಡಲಿ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಹೊಣೆಗಾರಿಕೆಯನ್ನು ಮುಚ್ಚಿಟ್ಟರೆ ಬ್ಯಾಲನ್ಸ್ ಶೀಟ್ ಸುಳ್ಳಾಗುತ್ತದೆ ಎಂದು ನಮಗೆ ಕಲಿಸುತ್ತಾರೆ. ಆಸ್ತಿಯನ್ನೆಲ್ಲ ಬಿಟ್ಟು ಹೊಣೆಗಾರಿಕೆಯೊಂದನ್ನೇ ಬರೆದರೂ ಅದು ಸುಳ್ಳೇ. ಕಾಯಿಲೆ ಒಂದು ನಮೂದು, ಅದನ್ನು ಸರಿಯಾದ ತಲೆಬರಹದ ಕೆಳಗೆ ಬರೆಯೋಣ. ಇಡೀ ಪುಸ್ತಕಕ್ಕೆ ಅದೇ ಹೆಸರಿಡುವುದು ಬೇಡ.

ಈ ವಾರದಿಂದಲೇ ಒಂದು ಕೆಲಸ ಮಾಡಬಹುದು. ತರಗತಿಯಲ್ಲಿ ಯಾರನ್ನೂ ಅವರ ಕಣ್ಣು, ಕಾಲು, ತೊದಲು, ಕಾಯಿಲೆಯ ಹೆಸರಿನಿಂದ ಕರೆಯದಿರೋಣ. ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಒಂದೊಂದು ಹೆಸರಿದೆ. ತಂದೆತಾಯಿ ಯೋಚಿಸಿ ಇಟ್ಟ ಹೆಸರದು.