ಡೈರಿ ಕಂಪ್ಯೂಟರಿಗೆ ಗೊತ್ತಿರೋದು ಹಾಲು ಹಾಕೋರಿಗೂ ಗೊತ್ತಾಗಲಿ

ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಮುಂದೆ ಸಾಲು. ಕ್ಯಾನು ತಂದವರು ಕೋಡ್ ನಂಬರ್ ಹೇಳುತ್ತಾರೆ, ಹಾಲು ತೂಕಕ್ಕೆ ಬೀಳುತ್ತದೆ, ಒಂದು ಸಣ್ಣ ಸ್ಯಾಂಪಲ್ ಯಂತ್ರಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿಗೇ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ರೇಟು ಎಷ್ಟು ಅಂತ ಪರದೆ ಮೇಲೆ ಬರುತ್ತದೆ. ಚೀಟಿ ಸಿಕ್ಕರೆ ಸಿಕ್ಕಿತು. "ಪೇಪರ್ ರೋಲ್ ಖಾಲಿ ಆಗೈತೆ, ನಾಳೆ ಕೊಡ್ತೀನಿ" ಅಂದರೆ ಬರಿಗೈಲಿ ಮನೆಗೆ.

ಕಳೆದ ವರ್ಷ ನಮ್ಮ ಬಳಗದ ಒಬ್ಬರ ಮನೆಯಲ್ಲಿ ಬಟವಾಡೆ ದಿನ ದುಡ್ಡು ಕಡಿಮೆ ಬಂತು. ಅವರ ಅಮ್ಮ ದಿನಾ ಎರಡು ಹೊತ್ತೂ ಎಷ್ಟು ಲೀಟರ್ ಹಾಕಿದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. ಅದನ್ನೇ ಕಂಕುಳಲ್ಲಿ ಇಟ್ಟುಕೊಂಡು ಡೈರಿಗೆ ಹೋದರು. ಹುಡುಕಿದಾಗ ಸಿಕ್ಕಿದ್ದು ಇಷ್ಟು: ನಾಲ್ಕು ಹೊತ್ತಿನ ಹಾಲು, ಹೊತ್ತಿಗೆ 6 ಲೀಟರಿನಂತೆ 24 ಲೀಟರ್, 47ನೇ ಕೋಡಿನ ಬದಲು 74ನೇ ಕೋಡಿಗೆ ಏರಿತ್ತು. ಸೆಕ್ರೆಟರಿ ಬೇಜಾರು ಮಾಡಿಕೊಳ್ಳದೆ ಸರಿಮಾಡಿಕೊಟ್ಟರು. ಆದರೆ ಕ್ಯಾಲೆಂಡರ್ ಇಲ್ಲದವರ ಗತಿ ಏನು?

ಈ ಪ್ರಶ್ನೆಗಾಗಿಯೇ ಈ ಬರಹ. ಡೈರಿ ಅಂದರೆ ಬರೀ ಹಾಲು ಸೇರುವ ಜಾಗ ಅಂದುಕೊಂಡಿದ್ದೇವೆ. ಅಲ್ಲಿ ದಿನಕ್ಕೆರಡು ಸಲ ಮಾಹಿತಿಯೂ ಸೇರುತ್ತದೆ. ಹಾಲಿನ ಹಾಗೆಯೇ ಅದೂ ಮೇಲಕ್ಕೆ ಹೋಗುತ್ತದೆ.

ಮೊದಲನೇ ಮೆಟ್ಟಿಲು ನಮ್ಮ ಕಣ್ಣೆದುರಿನ ಯಂತ್ರ. ಯಾರು, ಯಾವ ಹೊತ್ತು, ಎಷ್ಟು ಲೀಟರ್, ಎಂಥ ಹಾಲು ಎಂಬ ಪ್ರತಿ ವಹಿವಾಟನ್ನೂ ಬರೆದಿಡುವುದು ಅದರ ಕೆಲಸ. ಹಿಂದೆ ಇದೆಲ್ಲ ಲೆಡ್ಜರಿನಲ್ಲಿ ಇರುತ್ತಿತ್ತು. ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುತ್ತಿದ್ದರು. ಫ್ಯಾಟ್ ತಿಳಿಯಲು ಗಾಜಿನ ಕೊಳವೆಗೆ ಹಾಲು ಮತ್ತು ಸಲ್ಫ್ಯೂರಿಕ್ ಆಮ್ಲ ಹಾಕಿ ತಿರುಗಿಸುತ್ತಿದ್ದರು. ಫಲಿತಾಂಶ ತಿಳಿಯುವ ಹೊತ್ತಿಗೆ ಹಾಲು ಹಾಕಿದವರು ಹೊಲದಲ್ಲಿರುತ್ತಿದ್ದರು. ಯಂತ್ರ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಅದು ದೊಡ್ಡ ಅನುಕೂಲ, ಇಲ್ಲ ಅನ್ನುವುದಿಲ್ಲ.

ಎರಡನೇ ಮೆಟ್ಟಿಲು ವರದಿ. ನೂರಾರು ಜನರ ಲೆಕ್ಕ ಕೂಡಿಸಿ, ಈ ತಿಂಗಳು ಸಂಘಕ್ಕೆ ಎಷ್ಟು ಹಾಲು ಬಂತು, ಸರಾಸರಿ ಫ್ಯಾಟ್ ಎಷ್ಟು, ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಎಂದು ತೋರಿಸುವುದು. ಸಂಘದ ಆಡಳಿತ ಮಂಡಳಿ ಮತ್ತು ಜಿಲ್ಲಾ ಒಕ್ಕೂಟದ ಅಧಿಕಾರಿಗಳು ನೋಡುವುದು ಇದನ್ನೇ.

ಮೂರನೆಯದು ನಿರ್ಧಾರಕ್ಕೆ ನೆರವಾಗುವ ಲೆಕ್ಕ. ಮೇವು ಚೆನ್ನಾಗಿರುವ ಕಾಲಕ್ಕೆ ಹಾಲು ಉಕ್ಕುತ್ತದೆ, ಬೇಸಿಗೆಗೆ ಇಳಿಯುತ್ತದೆ. ಎಷ್ಟು ಪ್ಯಾಕೆಟ್ ಮಾಡಬೇಕು, ಎಷ್ಟು ತುಪ್ಪ, ಎಷ್ಟು ಪುಡಿ, ಟ್ಯಾಂಕರ್ ಯಾವ ದಾರಿಯಲ್ಲಿ ಹೋದರೆ ಡೀಸೆಲ್ ಉಳಿಯುತ್ತದೆ? ಹಿಂದಿನ ವರ್ಷಗಳ ಅಂಕಿ ಕೈಲಿದ್ದರೆ ಇದನ್ನು ಅಂದಾಜು ಮಾಡಬಹುದು. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಕುಡಿಯುವ ಹಾಲು ಇದೇ ಪುಡಿಯಿಂದ ಆದದ್ದು. ಹೆಚ್ಚಾದ ಹಾಲಿಗೆ ದಾರಿ ತೋರಿಸಿದ್ದು ಈ ಥರದ ಲೆಕ್ಕ.

ನಾಲ್ಕನೆಯದು ಎಲ್ಲಕ್ಕೂ ಮೇಲಿರುವವರಿಗೆ. 1974ರಲ್ಲಿ ಡೈರಿ ಅಭಿವೃದ್ಧಿ ನಿಗಮವಾಗಿ ಹುಟ್ಟಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾದ ಸಂಸ್ಥೆಯ ಕೆಳಗೆ ಜಿಲ್ಲಾ ಒಕ್ಕೂಟಗಳು, ಅವುಗಳ ಕೆಳಗೆ ನಮ್ಮಂಥ ಸಾವಿರಾರು ಊರುಗಳ ಸಂಘಗಳು. ಅಷ್ಟೂ ಊರಿನ ಹಾಲನ್ನು ಒಂದು ನೋಟಕ್ಕೆ ತರುವುದು ಈ ಕೊನೇ ಮೆಟ್ಟಿಲಿನ ಕೆಲಸ.

ಈ ನಾಲ್ಕಕ್ಕೂ ಬುನಾದಿ ಒಂದೇ, ಬೆಳಿಗ್ಗೆ ಡೈರಿಯಲ್ಲಿ ಒತ್ತಿದ ಆ ಕೋಡ್ ನಂಬರ್. ಅಲ್ಲಿ 47 ಹೋಗಿ 74 ಆದರೆ ಮೇಲಿನ ಯಾವ ದೊಡ್ಡ ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ. ಒಟ್ಟು ಲೀಟರ್ ಸರಿಯಾಗಿಯೇ ಇರುತ್ತದಲ್ಲ! ನಷ್ಟ ಒಂದು ಮನೆಗೆ ಮಾತ್ರ. ಹಾಲಿನ ದುಡ್ಡಿನ ಜೊತೆ ಸರ್ಕಾರದ ಪ್ರೋತ್ಸಾಹಧನವೂ ಹೋಗುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಆಮೇಲೆ 5 ರೂಪಾಯಿಗೆ ಏರಿದ ಈ ಹಣ ಸಿಗುವುದು ದಾಖಲಾದ ಲೀಟರಿಗೆ, ಕರೆದ ಲೀಟರಿಗಲ್ಲ. 24 ಲೀಟರ್ ಅಂದರೆ ಅದೊಂದೇ 120 ರೂಪಾಯಿ.

ಹಾಗಾಗಿ ನಮ್ಮ ತಕರಾರು ಯಂತ್ರದ ಮೇಲಲ್ಲ. ಮಾಹಿತಿ ಮೇಲಕ್ಕೆ ಹತ್ತುತ್ತದೆ, ಕೆಳಕ್ಕೆ ಇಳಿಯುವುದಿಲ್ಲ ಎಂಬುದೇ ತಕರಾರು. ಖಾಸಗಿ ಕಂಪನಿ ಆಗಿದ್ದರೆ ಬೇರೆ ಮಾತು. ಸಹಕಾರ ಸಂಘದಲ್ಲಿ ಹಾಲು ಹಾಕುವ ಸದಸ್ಯರೇ ಮಾಲೀಕರು. ಮಾಲೀಕರಿಗೇ ಲೆಕ್ಕ ಕಾಣದಿದ್ದರೆ ಹೇಗೆ?

ಲೆಕ್ಕ ಕಂಡರೆ ಲಾಭ ಬಟವಾಡೆಗಷ್ಟೇ ಅಲ್ಲ. ಬರೀ ಹಸಿಮೇವು ಹಾಕಿ ಒಣಮೇವು ಕಡಿಮೆ ಮಾಡಿದರೆ ಫ್ಯಾಟ್ ಇಳಿಯುತ್ತದೆ. ಕೆಚ್ಚಲು ಬಾವು ಒಳಗೊಳಗೇ ಶುರುವಾದರೆ ಎಸ್‌ಎನ್‌ಎಫ್ ಇಳಿಯುತ್ತದೆ. ಕೊನೆಯ ಹಾಲು ಪೂರ್ತಿ ಹಿಂಡದೆ ಬಿಟ್ಟರೂ ಫ್ಯಾಟ್ ಕಡಿಮೆ, ಏಕೆಂದರೆ ಜಿಡ್ಡು ಹೆಚ್ಚಿರುವುದು ಕೊನೆಯ ಹಾಲಿನಲ್ಲೇ. ಮೂವತ್ತು ದಿನದ ಅಂಕಿ ಒಂದೇ ಚೀಟಿಯಲ್ಲಿ ಕೈಗೆ ಬಂದರೆ ಯಾವ ದಿನದಿಂದ ಇಳಿಯಿತು ಅಂತ ನೋಡಿ ಡಾಕ್ಟರನ್ನು ಬೇಗ ಕರೆಯಬಹುದು. ಆ ಅಂಕಿಗಳೆಲ್ಲ ಡೈರಿ ಕಂಪ್ಯೂಟರಿನಲ್ಲಿ ಈಗಾಗಲೇ ಇವೆ. ತೆಗೆದುಕೊಡುವವರು ಬೇಕು ಅಷ್ಟೆ.

ಸೆಕ್ರೆಟರಿಗಳ ಕಷ್ಟವೂ ನಮಗೆ ಗೊತ್ತು. ಕರೆಂಟು ಕೈಕೊಡುತ್ತದೆ, ನೆಟ್‌ವರ್ಕ್ ಇರುವುದಿಲ್ಲ, ಸಾಲಿನಲ್ಲಿ ಎಲ್ಲರಿಗೂ ಅವಸರ, ಸಿಗುವ ಸಂಬಳ ಸಣ್ಣದು. ಅವರ ತಲೆಗೇ ಎಲ್ಲ ಕಟ್ಟುವುದು ನ್ಯಾಯವಲ್ಲ. ಪೇಪರ್ ರೋಲಿನಿಂದ ಹಿಡಿದು ತರಬೇತಿವರೆಗೆ ಖರ್ಚನ್ನು ಸಂಘ ಮತ್ತು ಒಕ್ಕೂಟ ಹೊರಬೇಕು.

ನಾವು ಕೇಳುವುದು ನಾಲ್ಕೇ ನಾಲ್ಕು. ಪ್ರತಿ ಹೊತ್ತೂ ಚೀಟಿ ಅಥವಾ ಮೊಬೈಲಿಗೆ ಮೆಸೇಜು, ಅದರಲ್ಲಿ ಕೋಡಿನ ಜೊತೆ ಹೆಸರೂ ಇರಲಿ. ತಿಂಗಳಿಗೊಮ್ಮೆ ಪ್ರತಿ ಸದಸ್ಯರಿಗೆ ಅವರವರ ಲೆಕ್ಕದ ಹಾಳೆ. ಸದಸ್ಯರಿಂದ ಕೊಂಡದ್ದು, ಊರಲ್ಲಿ ಮಾರಿದ್ದು, ಒಕ್ಕೂಟಕ್ಕೆ ಕಳಿಸಿದ್ದು ಎಷ್ಟು, ಎರಡೂ ಕಡೆ ಬಂದ ಸರಾಸರಿ ಫ್ಯಾಟ್ ಎಷ್ಟು ಎಂಬ ಒಟ್ಟು ಲೆಕ್ಕ ನೋಟಿಸ್ ಬೋರ್ಡಿನಲ್ಲಿ. ಒಬ್ಬೊಬ್ಬರ ದುಡ್ಡಿನ ವಿವರ ಗೋಡೆಗೆ ಅಂಟಿಸುವುದು ಬೇಡ. ನಾಲ್ಕನೆಯದು, ತೂಕದ ಯಂತ್ರಕ್ಕೆ ಸೀಲ್ ಯಾವಾಗ ಹಾಕಿಸಿದ್ದು, ಫ್ಯಾಟ್ ಯಂತ್ರ ಯಾವಾಗ ಪರೀಕ್ಷೆ ಮಾಡಿಸಿದ್ದು ಎಂಬ ತಾರೀಖು ಎಲ್ಲರಿಗೂ ಕಾಣುವ ಹಾಗಿರಲಿ.

ನಿಮ್ಮೂರಿನ ಸಂಘದ ವಾರ್ಷಿಕ ಸಭೆಗೆ ಹೋದಾಗ ಊಟಕ್ಕೆ ಮುಂಚೆ ಎದ್ದು ನಿಂತು ಈ ನಾಲ್ಕನ್ನು ಕೇಳಿ. ಮನೆಯಲ್ಲಿ ಹಾಲು ಕರೆಯುವವರು, ಡೈರಿಗೆ ಹೊರುವವರು ಹೆಚ್ಚಾಗಿ ಹೆಂಗಸರು. ಸದಸ್ಯತ್ವ ಅವರ ಹೆಸರಿನಲ್ಲೇ ಇದ್ದರೆ ಅವರೇ ಕೇಳಲಿ. ಉತ್ತರ ಏನು ಬಂತು ಅಂತ ನಮಗೂ ಬರೆದು ತಿಳಿಸಿ.

ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಮಾತ್ರ ಬಿಡಬೇಡಿ.