ಬೆನ್ನುಚೀಲದಲ್ಲಿ ಎಷ್ಟು ಮಾತು?

"ಇಂಗ್ಲಿಷ್ ಸರಾಗವಾಗಿ ಬಾರದವನು ಪರದೇಶದ ಆಸೆಯನ್ನೇ ಬಿಡಬೇಕು." ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಈ ಮಾತು ಕೇಳಿಬರದ ದಿನವಿಲ್ಲ. ಹೇಳುವವರಲ್ಲಿ ಬಹುಮಂದಿ ಬೆಂಗಳೂರಿನಿಂದಾಚೆಗೆ ಹೋದವರಲ್ಲ. ಆದರೂ ಅವರ ದನಿಯ ಗತ್ತನ್ನು ನೋಡಿದರೆ ಈಗತಾನೆ ಪ್ಯಾರಿಸ್ಸಿನ ಗಾಡಿಯಿಂದ ಇಳಿದು ಬಂದರೇನೋ ಎನಿಸಬೇಕು. ಅದಿರಲಿ. ಈ ಮಾತನ್ನು ನಂಬಿ, ಮಾಡಿಸಿಕೊಂಡ ಪಾಸ್‌ಪೋರ್ಟನ್ನು ಟ್ರಂಕಿನ ತಳಕ್ಕೆ ಸೇರಿಸಿಬಿಟ್ಟ ಮಿತ್ರನೊಬ್ಬನು ನನ್ನ ತರಗತಿಯಲ್ಲಿಯೇ ಇದ್ದಾನೆ. ನಾನೂ ಎರಡು ವರ್ಷ ಇದನ್ನೇ ನಂಬಿದ್ದೆನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾನು, ಉತ್ತರ ಗೊತ್ತಿದ್ದಾಗಲೂ ಇಂಗ್ಲಿಷ್ ತರಗತಿಯಲ್ಲಿ ಕೈ ಎತ್ತಿದವನಲ್ಲ. ಎದ್ದು ನಿಂತು ಒಂದು ವಾಕ್ಯ ತಪ್ಪಿದರೆ ಹಿಂದಿನ ಬೆಂಚಿನಿಂದ ಬರುವ ನಗೆ ಎಂಥದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

2024ರ ಬೇಸಗೆಯ ರಜೆಯಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಪ್ರಸಂಗ ತಾನಾಗಿ ಒದಗಿತು. ನಮ್ಮ ಅಕ್ಕ ಭಾವ ಇಬ್ಬರೂ ಜರ್ಮನಿಯ ಆಖೆನ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾರೆ. ವಿಮಾನದ ಟಿಕೆಟ್ಟಿನ ಹಣವನ್ನು ಅವರೇ ಕೊಟ್ಟರು. ಭಾವ ಒಂದು ಯೂರೇಲ್ ಪಾಸನ್ನೂ ಕೊಡಿಸಿದರು. ಒಂದು ತಿಂಗಳೊಳಗೆ ಏಳು ದಿನ ಮೂವತ್ತಕ್ಕೂ ಹೆಚ್ಚು ದೇಶಗಳ ರೈಲುಗಳಲ್ಲಿ ತಿರುಗಬಹುದಾದ ಚೀಟಿ ಅದು, 27 ವರ್ಷದವರೆಗಿನವರಿಗೆ ರಿಯಾಯಿತಿ ಉಂಟು. ಒಂಬತ್ತು ಕಿಲೋ ತೂಕದ ಬೆನ್ನುಚೀಲ, ಅನುವಾದ ಮಾಡಿಕೊಡುವ ಫೋನು, ನಲವತ್ತು ಪುಟದ ಒಂದು ನೋಟುಪುಸ್ತಕ. ಇಷ್ಟು ನನ್ನ ಸಿದ್ಧತೆ.

ಈ ನೋಟುಪುಸ್ತಕದ ಮೊದಲ ಪುಟಗಳನ್ನು ನಾನು ಊರಿನಲ್ಲಿಯೇ ತುಂಬಿಸಿಕೊಂಡಿದ್ದೆನು. ನೀರು ಎಲ್ಲಿ, ಶೌಚಾಲಯ ಎಲ್ಲಿ, ಬೆಲೆ ಎಷ್ಟು, ಮಾಂಸವಿಲ್ಲದ್ದು ಬೇಕು, ಯಾವ ಪ್ಲಾಟ್‌ಫಾರಂ, ಸಹಾಯ ಮಾಡಿ: ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಇವಿಷ್ಟೂ ಬಾಯಿಪಾಠ. ಒಂದರಿಂದ ನೂರರವರೆಗಿನ ಎಣಿಕೆಯನ್ನೂ ಉರುಹೊಡೆದಿದ್ದೆನು. ಇನ್ನೇನು ಬೇಕು ಎಂಬ ಧೈರ್ಯ. ಈ ಪಟ್ಟಿಯಲ್ಲಿ ಏನೋ ಕೊರತೆಯಿದೆಯೆಂದು ಹೊಳೆದದ್ದು ಆಖೆನ್ನಿಗೆ ಬಂದ ನಾಲ್ಕನೆಯ ದಿನ, ಒಂದು ತಟ್ಟೆ ಆಲೂಗಡ್ಡೆ ಸೂಪಿನ ಮುಂದೆ.

ಅಕ್ಕನ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿದ್ದರು. ಅವರಿಗೆ ಜರ್ಮನ್ ಬಿಟ್ಟರೆ ಬೇರೆ ಭಾಷೆ ಬಾರದು. ಅಂದು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಏನೋ ಹೇಳಿದರು. 'ಸೂಪ್' ಎಂಬುದು ತಿಳಿಯಿತು. ನಾವು ಮಾಂಸ ತಿನ್ನುವವರಲ್ಲವೆಂದು ಅಕ್ಕನಿಂದ ತಿಳಿದಿದ್ದರಾದ್ದರಿಂದ ಅದನ್ನೂ ಕೈಸನ್ನೆಯಿಂದ ಖಚಿತಪಡಿಸಿದರು. ಕೊನೆಗೆ "ಹಾಲ್ಬ್ ಜೀಬನ್" ಎಂದರು. 'ಜೀಬನ್' ಎಂದರೆ ಏಳು. 'ಹಾಲ್ಬ್' ಎಂದರೆ ಅರ್ಧ. ಏಳೂವರೆ! ಅಕ್ಕನನ್ನು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ. ನನಗೇ ಅರ್ಥವಾಯಿತಲ್ಲ ಎಂಬ ಹೆಮ್ಮೆ.

ಸರಿಯಾಗಿ ಏಳೂವರೆಗೆ ಬಾಗಿಲು ತಟ್ಟಿದೆನು. ಮೇಜಿನ ಮೇಲೆ ಎರಡು ತಟ್ಟೆ, ಎರಡೂ ಖಾಲಿ. ಸೂಪಿನ ಪಾತ್ರೆಯ ಮೇಲೆ ಮುಚ್ಚಳ, ತೆರೆದರೆ ಮೇಲೆಲ್ಲ ಕೆನೆಗಟ್ಟಿತ್ತು. ಆಕೆ ಊಟ ಮಾಡಿರಲಿಲ್ಲ. ಗಡಿಯಾರವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಪಾತ್ರೆಯನ್ನು ಮತ್ತೆ ಒಲೆಯ ಮೇಲೆ ಇಟ್ಟರು. ಜರ್ಮನರಲ್ಲಿ 'ಅರ್ಧ ಏಳು' ಎಂದರೆ ಆರೂವರೆ! ನಾವು ಕಳೆದ ಗಂಟೆಯ ಮೇಲೆ ಅರ್ಧವನ್ನು ಕೂಡಿಸುತ್ತೇವೆ. ಅವರು ಬರುವ ಗಂಟೆಯಲ್ಲಿ ಅರ್ಧ ಸಂದಿತೆಂದು ಎಣಿಸುತ್ತಾರೆ. ಒಬ್ಬ ಮುದುಕಿಯನ್ನು ಒಂದು ಗಂಟೆಯ ಕಾಲ ಹಸಿದು ಕಾಯುವಂತೆ ಮಾಡಿದ್ದೆನು. ಅದಕ್ಕಿಂತ ಕೆಟ್ಟದ್ದೆಂದರೆ, 'ತಪ್ಪಾಯಿತು' ಎನ್ನುವ ಮಾತು ನನ್ನ ನೋಟುಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ನನಗೆ ಗೊತ್ತಿದ್ದುದು "ಡಾಂಕೆ" ಒಂದೇ. ಆಕೆಯ ಬೇಸರಕ್ಕೆ ನಾನು ಮೂರು ಸಲ ಕೃತಜ್ಞತೆ ಅರ್ಪಿಸಿ ಸೂಪು ಕುಡಿದು ಬಂದೆನು.

ರಾತ್ರಿ ಪಾಳಿ ಮುಗಿಸಿ ಬಂದ ಅಕ್ಕ ನಕ್ಕಳು, ಆಮೇಲೆ ನಗಲಿಲ್ಲ. "ಲೋ, ನಿನ್ನ ಇಂಗ್ಲಿಷ್ ಹೇಗಿದೆ ಅಂತ ಇಲ್ಲಿ ಯಾರಿಗೂ ಚಿಂತೆ ಇಲ್ಲ ಕಣೋ. ನಿನಗೆ ಬೇಕಾದ್ದನ್ನೆಲ್ಲ ಕೇಳೋಕೆ ಕಲ್ತಿದ್ದೀಯ. ಅವರಿಗೆ ಸಲ್ಲಬೇಕಾದ್ದನ್ನ ಹೇಳೋಕೆ ಕಲ್ತಿಲ್ಲ" ಎಂದಳು. ಮರುದಿನ ಬೆಳಿಗ್ಗೆ ಅವಳು ಕಲಿಸಿದ ಒಂದು ವಾಕ್ಯವನ್ನು ಹೊತ್ತು ಕೆಳಗಿಳಿದೆನು: "ಎಸ್ ಟೂಟ್ ಮಿಯರ್ ಲೈಟ್." 'ನಾನು' ಎಂದು ತೊಡಗುವ ವಾಕ್ಯವಲ್ಲ ಅದು, ನಮ್ಮ 'ನನಗೆ ಬೇಜಾರಾಗಿದೆ' ಎಂಬಂತೆ ಅಲ್ಲಿಯೂ ಚತುರ್ಥಿ ವಿಭಕ್ತಿ. ಆಕೆ ಒಳಗೆ ಕರೆದು, ಗೋಡೆಯ ಗಡಿಯಾರವನ್ನು ಇಳಿಸಿ, ಮುಳ್ಳು ತಿರುಗಿಸಿ ತಿರುಗಿಸಿ ಅರ್ಧ ಗಂಟೆ ಪಾಠ ಹೇಳಿದರು. ಎಂದೂ ಕೈ ಎತ್ತದ ವಿದ್ಯಾರ್ಥಿ ಅಂದು ಎಲ್ಲ ಪ್ರಶ್ನೆಗೂ ತಪ್ಪುತ್ತರವನ್ನು ಧೈರ್ಯವಾಗಿ ಹೇಳಿದನು.

ಅಂದಿನಿಂದ ಯಾವ ನಾಡಿಗೆ ಹೋದರೂ ಪುಟದ ಮೊದಲ ಸಾಲಿನಲ್ಲಿ ನಮಸ್ಕಾರ, ಎರಡನೆಯ ಸಾಲಿನಲ್ಲಿ ಕ್ಷಮೆ, ಆಮೇಲೆ ಉಳಿದುದು ಎಂಬ ನಿಯಮ ಮಾಡಿಕೊಂಡೆನು. ನೀರು, ಶೌಚಾಲಯ, ಪ್ಲಾಟ್‌ಫಾರಂ ಇವೆಲ್ಲ ಬೇಡುವ ಮಾತುಗಳು. ಅವಕ್ಕೆ ಫೋನಿದೆ, ಫಲಕಗಳಿವೆ, ಕೈಸನ್ನೆಯಿದೆ. ಸಲ್ಲಿಸುವ ಮಾತುಗಳನ್ನು ಮಾತ್ರ ನಾವೇ ಬಾಯಿಬಿಟ್ಟು ಆಡಬೇಕು.

ಪ್ಯಾರಿಸ್ಸಿನಲ್ಲಿ ಇದರ ಫಲ ಕೂಡಲೆ ಕಂಡಿತು. ಫ್ರೆಂಚರು ಒರಟರು, ಇಂಗ್ಲಿಷ್ ಬಂದರೂ ಆಡುವುದಿಲ್ಲ ಎಂದು ಎಲ್ಲರೂ ಹೆದರಿಸಿದ್ದರು. ಮೊದಲ ದಿನ ಗಡಿಬಿಡಿಯಲ್ಲಿ ನಿಯಮವನ್ನು ಮರೆತು, ಬ್ರೆಡ್ಡಿನ ಅಂಗಡಿಯೊಂದಕ್ಕೆ ನುಗ್ಗಿ ಮೆಟ್ರೋ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದೆನು. ಅಂಗಡಿಯಾಕೆ ಮುಖ ತಿರುಗಿಸಿದಳು. ಮರುದಿನ ಅದೇ ಅಂಗಡಿಗೆ ಹೋಗಿ "ಬೊಂಜೂರ್, ಮದಾಮ್" ಎಂದು ನಿಂತೆನು. ಅವಳೂ "ಬೊಂಜೂರ್" ಎಂದಳು. ನನ್ನ ಫ್ರೆಂಚ್ ಅಲ್ಲಿಗೆ ಮುಗಿದುದನ್ನು ಕಂಡು, ದಾರಿಯನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿದಳು. ಆ ದೇಶದಲ್ಲಿ ಅಂಗಡಿಯ ಹೊಸ್ತಿಲು ದಾಟಿದೊಡನೆ ನಮಸ್ಕಾರ ಹೇಳದವನೇ ಒರಟ. ನಮ್ಮ ಹಳ್ಳಿಯ ಜಗಲಿಯ ಮೇಲೆ ಕುಳಿತ ಹಿರಿಯರ ಮುಂದೆ ಯಾವನೋ ಬಂದು ನಿಂತು, ಅಣ್ಣಾ ಎನ್ನದೆ ಅಯ್ಯಾ ಎನ್ನದೆ, "ಬಸ್ಸು ಎಷ್ಟು ಹೊತ್ತಿಗೆ?" ಎಂದರೆ ಅವರ ಮುಖ ಹೇಗಾದೀತು?

ಈ 'ಬೊಂಜೂರ್' ಎಂಬ ಮಂತ್ರ ಸಿದ್ಧಿಸಿತೆಂಬ ಹಿಗ್ಗಿನಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್ನಿನಲ್ಲಿ ಇಳಿದು, ಹಣ್ಣಿನ ಅಂಗಡಿಯಲ್ಲಿ ಅದನ್ನೇ ಪ್ರಯೋಗಿಸಿದೆನು. ಅಂಗಡಿಯವನು ತಣ್ಣಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟನು. ಅದು ಡಚ್ ಆಡುವ ಫ್ಲೆಮಿಷ್ ಜನರ ನಾಡು. ಅಲ್ಲಿ ಫ್ರೆಂಚ್ ಎಂದರೆ ಹಳೆಯ ಗಾಯ. ಎಂಥ ಗಾಯವೆಂದು ತಿಳಿಯಲು ಆ ಊರಿನ ವಿಶ್ವವಿದ್ಯಾಲಯದ ಕಥೆಯೊಂದೇ ಸಾಕು. 1425ರಲ್ಲಿ ಸ್ಥಾಪಿತವಾದ ಪ್ರಾಚೀನ ವಿದ್ಯಾಪೀಠ ಅದು. ಅದರ ಗ್ರಂಥಾಲಯವನ್ನು 1914ರಲ್ಲಿ ಜರ್ಮನ್ ಸೇನೆ ಸುಟ್ಟಿತು. ಮತ್ತೆ ಕಟ್ಟಿದ ಮೇಲೆ 1940ರ ಯುದ್ಧದಲ್ಲಿ ಎರಡನೆಯ ಬಾರಿ ಸುಟ್ಟುಹೋಯಿತು. ಮೂರನೆಯ ಪೆಟ್ಟು ಬೆಂಕಿಯಿಂದ ಬರಲಿಲ್ಲ. ಫ್ರೆಂಚ್ ವಿಭಾಗ ನಮ್ಮ ನೆಲವನ್ನು ಬಿಟ್ಟು ಹೋಗಲಿ ಎಂದು ಫ್ಲೆಮಿಷ್ ವಿದ್ಯಾರ್ಥಿಗಳು ಬೀದಿಗಿಳಿದರು. 1968ರಲ್ಲಿ ಬೆಲ್ಜಿಯಮ್ಮಿನ ಸರ್ಕಾರವೇ ಈ ಕಾರಣದಿಂದ ಉರುಳಿತು. ವಿಶ್ವವಿದ್ಯಾಲಯ ಎರಡಾಯಿತು, ಫ್ರೆಂಚಿನವರಿಗಾಗಿ ಲೂವೆನ್-ಲಾ-ನೂವ್ ಎಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಪುಸ್ತಕಗಳನ್ನು ಹಂಚಿದ ಬಗೆ ಇನ್ನೂ ವಿಚಿತ್ರ: ಬೆಸ ಸಂಖ್ಯೆಯವು ಒಬ್ಬರಿಗೆ, ಸಮ ಸಂಖ್ಯೆಯವು ಇನ್ನೊಬ್ಬರಿಗೆ! ನಮ್ಮ ಗ್ರಂಥಪಾಲಕರು ಇದನ್ನು ಓದಿದರೆ ಅಂದು ಊಟ ಮಾಡಲಾರರು.

ಫ್ಲೆಮಿಷರು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಯಾರು? ತಮ್ಮ ಊರಿನಲ್ಲಿಯೇ ತಮ್ಮ ಭಾಷೆ ಎರಡನೆಯ ದರ್ಜೆಯದಾಯಿತು ಎಂಬ ಅವರ ಅಳಲು, 1956ರ ಏಕೀಕರಣದ ಚರಿತ್ರೆಯನ್ನು ಪರೀಕ್ಷೆಗೆಂದು ಓದಿದ ನಮಗೆ ಅರ್ಥವಾಗದ್ದಲ್ಲ. ಪ್ರವಾಸಿಗೆ ಬೇಕಾದ ಪಾಠ ಬೇರೆ. ನಮಸ್ಕಾರ ಹೇಳಿದರೆ ಸಾಲದು. ಯಾರ ನೆಲದಲ್ಲಿ ಯಾರ ಭಾಷೆಯಲ್ಲಿ ಹೇಳುತ್ತಿದ್ದೇನೆ ಎಂಬ ತಿಳಿವಳಿಕೆಯೂ ಬೇಕು. ಅದನ್ನು ಯಾವ ಫೋನೂ ತಾನಾಗಿ ಹೇಳುವುದಿಲ್ಲ.

ಅದೇ ಊರಿನ ಸ್ಟೇಷನ್ನಿನಲ್ಲಿ ಇನ್ನೊಂದು ಪೇಚು. ಆಖೆನ್ನಿಗೆ ಹಿಂದಿರುಗಲು ಲಿಯೇಜ್ ಎಂಬಲ್ಲಿ ಗಾಡಿ ಬದಲಿಸಬೇಕು. ಫಲಕದಲ್ಲಿ ಲಿಯೇಜ್ ಎಂಬ ಹೆಸರೇ ಇಲ್ಲ. 'ಲುಯಿಕ್' ಎಂದು ಬರೆದಿದ್ದ ಗಾಡಿಯೊಂದು ಬಂದು ನಿಂತು ಹೊರಟುಹೋಯಿತು. ಡಚ್ಚರ ಲುಯಿಕ್, ಫ್ರೆಂಚರ ಲಿಯೇಜ್, ಜರ್ಮನರ ಲ್ಯುಟಿಖ್ ಎಲ್ಲವೂ ಒಂದೇ ಊರೆಂದು ಬೆಂಚಿನ ಮೇಲಿದ್ದ ವಿದ್ಯಾರ್ಥಿನಿ ಹೇಳುವ ವೇಳೆಗೆ ಗಾಡಿ ಕಣ್ಮರೆಯಾಗಿತ್ತು. ಹಾಗೆ ನೋಡಿದರೆ ಆಖೆನ್ನಿಗೂ ಡಚ್ಚಿನಲ್ಲಿ 'ಆಕೆನ್', ಫ್ರೆಂಚಿನಲ್ಲಿ 'ಎಕ್ಸ್-ಲಾ-ಶಪೆಲ್' ಎಂಬ ಹೆಸರುಗಳಿವೆ. ಮೂರು ಭಾಷೆಯ ಫಲಕಗಳಿರುವ ಅರಸೀಕೆರೆ ಜಂಕ್ಷನ್ನನ್ನು ನೋಡಿ ಬೆಳೆದ ನನಗೆ, ಲಿಪಿ ಬದಲಾದೀತು, ಊರಿನ ಹೆಸರೇ ಬದಲಾದೀತೆಂದು ಹೊಳೆದಿರಲಿಲ್ಲ.

ಆಖೆನ್ನಿನಲ್ಲಿ ಎರಡು ದಿನ ನಿಂತು ಪೂರ್ವಕ್ಕೆ ಹೊರಟೆನು. ವಿಯೆನ್ನಾ ಮಳೆಯಲ್ಲಿಯೇ ಕಳೆಯಿತು. ಹಂಗೇರಿಯ ಬುಡಾಪೆಸ್ಟ್ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಕಲಿತ ಜರ್ಮನ್, ಫ್ರೆಂಚ್ ಯಾವುದೂ ಅಲ್ಲಿಯ ಫಲಕವನ್ನು ಓದಲು ಒದಗದು. ಹಂಗೇರಿಯನ್ ಆ ಕುಲದ ಭಾಷೆಯೇ ಅಲ್ಲ. ಆದರೆ ಅದರ ಬೆಡಗನ್ನು ನೋಡಿ! 'ಹಾಝ್' ಎಂದರೆ ಮನೆ, 'ಅಕ್' ಎಂದರೆ ಗಳು, 'ಬನ್' ಎಂದರೆ ಅಲ್ಲಿ; 'ಹಾಝಕ್‌ಬನ್' ಎಂದರೆ ಮನೆಗಳಲ್ಲಿ! ಪ್ರತ್ಯಯದ ಹಿಂದೆ ಪ್ರತ್ಯಯ, ನಮ್ಮ ಕ್ರಮದಲ್ಲಿಯೇ. ಫ್ರೆಂಚ್, ಜರ್ಮನ್ ಎರಡರಲ್ಲಿಯೂ 'ಇಲ್ಲದೆ' ಮೊದಲು, 'ಮಾಂಸ' ಆಮೇಲೆ. ಹಂಗೇರಿಯನ್ನಿನಲ್ಲಿ 'ಹೂಶ್ ನೇಲ್ಕ್ಯುಲ್', ನೆಟ್ಟಗೆ 'ಮಾಂಸ ಇಲ್ಲದೆ'. ಎರಡು ಭಾಷೆಗಳೂ ನೆಂಟರೆಂದು ನಾನು ಹೇಳುತ್ತಿಲ್ಲ. ಕನ್ನಡ ವಿಭಾಗದ ಗುರುಗಳು ಕೋಲು ಹಿಡಿಯದಿರಲಿ. ಕನ್ನಡ ಮಾಧ್ಯಮವೆಂದು ಕುಗ್ಗಿದ್ದವನಿಗೆ, ಕನ್ನಡವೇ ಒಂದು ಪರಭಾಷೆಯ ಬೀಗದ ಕೈ ಆದುದು ಎಷ್ಟು ಖುಷಿ ಕೊಟ್ಟಿತೆಂದು ಹೇಳುತ್ತಿದ್ದೇನೆ, ಅಷ್ಟೆ.

ಅಲ್ಲಿಯ ಟ್ರಾಮಿನಲ್ಲಿ ತಿರುಗುವಾಗ ನನ್ನ ಬೆನ್ನುಚೀಲ ಒಬ್ಬ ಅಜ್ಜನ ಭುಜಕ್ಕೆ ಬಡಿಯಿತು. ಹಂಗೇರಿಯನ್ ಪುಟದ ಎರಡನೆಯ ಸಾಲು ಬಾಯಿಗೆ ಬಂತು: "ಬೊಚಾನತ್." ಅಜ್ಜ ಪ್ರಸನ್ನನಾಗಿ, ನನಗೆ ಭಾಷೆ ಬರುತ್ತದೆಂದು ಬಗೆದು, ಒಂದು ಶಬ್ದಕ್ಕೆ ಪ್ರತಿಯಾಗಿ ಐವತ್ತು ಶಬ್ದ ಸುರಿಸಿದನು. ನಾನು ನಮ್ಮೂರಿನ ರೀತಿಯಲ್ಲಿ ತಲೆಯನ್ನು ಅತ್ತಿತ್ತ ಓಲಾಡಿಸಿದೆನು. ಅದು ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ತಾನೂ ಹಾಗೆಯೇ ಓಲಾಡಿಸಿ ನೋಡಿದನು. ಮುಂದಿನ ನಿಲ್ದಾಣದವರೆಗೂ ಇಬ್ಬರೂ ತಲೆ ಓಲಾಡಿಸುತ್ತ ನಗುತ್ತಿದ್ದೆವು.

ಫೋನನ್ನು ನಾನು ಹಳಿಯುತ್ತಿಲ್ಲ. ಅದೇ ಊರಿನಲ್ಲಿ ಕಾಲಿನ ಬೊಬ್ಬೆ ಕೀತಾಗ, ಯಾವ ಔಷಧಿ ನನಗೆ ಒಗ್ಗದೆಂದು ಔಷಧಿಯಂಗಡಿಯವಳಿಗೆ ತಿಳಿಸಿದ್ದು ಫೋನೇ. ಅಂಥ ಕಡೆ ನೋಟುಪುಸ್ತಕ ನೆಚ್ಚಿಕೊಂಡು ಕೂರುವುದು ಮೂರ್ಖತನ. (ಯೂರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ ತುರ್ತು ಕರೆಗೆ 112 ಎಂಬ ಸಂಖ್ಯೆ ಸಾಕು, ಹೋಗುವವರು ಬರೆದಿಟ್ಟುಕೊಳ್ಳಿ.) ಆದರೆ ಫೋನು ಮುಂದೆ ಚಾಚಿದೊಡನೆ ಎದುರಿನವರು ನಮ್ಮ ಮುಖವನ್ನು ಬಿಟ್ಟು ಅದನ್ನು ನೋಡುತ್ತಾರೆ. ಆ ಅಜ್ಜನಿಗೆ ಫೋನು ತೋರಿಸಿ ಕ್ಷಮೆ ಕೇಳಿದ್ದರೆ ಅವನು ಕನ್ನಡಕ ಹುಡುಕುವಷ್ಟರಲ್ಲಿ ನನ್ನ ನಿಲ್ದಾಣ ಬರುತ್ತಿತ್ತು.

ಇನ್ನು ಇಂಗ್ಲಿಷಿನ ಮಾತು. ಬುಡಾಪೆಸ್ಟಿನ ಹಾಸ್ಟೆಲ್ಲಿನ ಅಡಿಗೆಮನೆಯಲ್ಲಿ ರಾತ್ರಿ ಏಳೆಂಟು ಮಂದಿ ಸೇರುತ್ತಿದ್ದೆವು: ಪೋಲೆಂಡಿನವನು, ಇಟಲಿಯವರಿಬ್ಬರು, ಪೋರ್ಚುಗಲ್ಲಿನವಳು, ಕೊರಿಯಾದವನು. ಎಲ್ಲರ ನಡುವಿನ ಭಾಷೆ ಇಂಗ್ಲಿಷೇ. ಎಂಥ ಇಂಗ್ಲಿಷ್! ಪೋಲಿಷ್ ಭಾಷೆಯಲ್ಲಿ 'ದಿ', 'ಎ' ಇಲ್ಲವಂತೆ, ನಮ್ಮಲ್ಲಿಯಂತೆ. ಆದ್ದರಿಂದ ಅವನ ವಾಕ್ಯದಲ್ಲಿಯೂ ಇರಲಿಲ್ಲ. ಇಟಲಿಯವರು ಅರ್ಧ ವಾಕ್ಯವನ್ನು ಕೈಯಿಂದಲೇ ಮುಗಿಸುತ್ತಿದ್ದರು. ಯಾರೂ ಯಾರನ್ನೂ ನೋಡಿ ನಗಲಿಲ್ಲ. ಅರ್ಥವಾಗದಿದ್ದರೆ ಮತ್ತೆ ಕೇಳುತ್ತಿದ್ದರು. ಎರಡನೆಯ ರಾತ್ರಿ, ನಮ್ಮೂರಿನಲ್ಲಿ ರಾಗಿ ಮುದ್ದೆ ತೊಳೆಸುವ ಬಗೆಯನ್ನು ನಾನು ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ವಿವರಿಸಿದೆನು. ವ್ಯಾಕರಣದ ಗತಿ ಏನಾಯಿತೋ ನಾನರಿಯೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಮಾತ್ರ ಐದು ದೇಶಗಳಿಗೆ ತಿಳಿಯಿತು.

ಇಂಗ್ಲಿಷ್ ಬೇಡವೆಂದು ನಾನು ಹೇಳಿದೆನೆಂದು ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಅದು ಬಂದಷ್ಟೂ ಲೇಸು. ವೀಸಾದ ಅರ್ಜಿ ತುಂಬುವಾಗ ಅದರ ಬೆಲೆ ತಿಳಿಯಿತು. ನನ್ನ ತಕರಾರು ಹಿಂದಿನ ಬೆಂಚಿನ ನಗೆಯ ಮೇಲೆ. ಆ ನಗೆಗೆ ಹೆದರಿ ಒಬ್ಬನು ಪಾಸ್‌ಪೋರ್ಟನ್ನು ಟ್ರಂಕಿನಲ್ಲಿ ಹೂತಿಟ್ಟಿದ್ದಾನಲ್ಲ, ಅದಕ್ಕೆ ಹೊಣೆ ಯಾರು? ಅವನಿಗಿಂತ ಕಡಿಮೆ ಇಂಗ್ಲಿಷ್ ಬಲ್ಲವರು ಅಲ್ಲಿ ಗಡಿಯಿಂದ ಗಡಿಗೆ ನಿಶ್ಚಿಂತೆಯಾಗಿ ತಿರುಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡು ಬಂದಿದ್ದೇನೆ.

ಕಳೆದ ವಾರ ಆ ಮಿತ್ರನು ನನ್ನ ನೋಟುಪುಸ್ತಕವನ್ನು ಕೇಳಿ ಪಡೆದನು. ಜರ್ಮನ್, ಫ್ರೆಂಚ್, ಡಚ್, ಹಂಗೇರಿಯನ್ ಪುಟಗಳನ್ನು ಬರೆದುಕೊಂಡು ಹಿಂದಿರುಗಿಸಿದ್ದಾನೆ. ಬೇರೆ ಯಾರಿಗಾದರೂ ಬೇಕಾದರೆ ಕೊಡುತ್ತೇನೆ. ಪೋಲಿಷ್ ಪುಟ ಖಾಲಿಯಿದೆ. ಪೋರ್ಚುಗೀಸ್ ಪುಟದಲ್ಲಿ, ಆ ಹಾಸ್ಟೆಲ್ಲಿನ ಹುಡುಗಿ ಬರೆದುಕೊಟ್ಟ ಒಂದೇ ಒಂದು ಶಬ್ದವಿದೆ: 'ಪುಶಿ'. ಬಾಗಿಲ ಮೇಲೆ ಬರೆದಿರುತ್ತದಂತೆ. ಕೇಳಿದರೆ ಇಂಗ್ಲಿಷಿನ 'ನೂಕು' ಎಂಬಂತೆ ಕೇಳಿಸುತ್ತದೆ. ಅರ್ಥ ಮಾತ್ರ 'ಎಳೆ' ಎಂದು.